ಅರವತ್ತನೇ ಪುಟ ದಾಟಿದ ಮೇಲೆ

ಕಾದಂಬರಿ ಶುರು ಮಾಡಿದವರು ತುಂಬಾ ಜನ ಇದ್ದಾರೆ. ಮುಗಿಸಿದವರು ಕಡಿಮೆ. ಹೊಸಬರ ಹಸ್ತಪ್ರತಿಗಳನ್ನು ಓದುವುದು ನನ್ನ ಕೆಲಸ. ಅರ್ಧಕ್ಕೆ ನಿಂತವನ್ನೂ ನಾನು ಕೇಳಿ ತರಿಸಿಕೊಳ್ಳುತ್ತೇನೆ. ಅವು ನಿಲ್ಲುವ ಜಾಗ ಹೆಚ್ಚುಕಮ್ಮಿ ಒಂದೇ. ಐವತ್ತು, ಅರವತ್ತು, ಎಪ್ಪತ್ತನೇ ಪುಟದ ಆಸುಪಾಸು. ಅಲ್ಲಿಯವರೆಗೆ ಚೆನ್ನಾಗಿಯೇ ಇರುತ್ತದೆ. ಊರು ಬರುತ್ತದೆ, ಮನೆ ಬರುತ್ತದೆ, ಅಜ್ಜಿ ಬರುತ್ತಾಳೆ, ಮಳೆಗಾಲ ಬರುತ್ತದೆ. ಆಮೇಲೆ ಏನೂ ಬರುವುದಿಲ್ಲ.

ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ‘ಸ್ಫೂರ್ತಿ ಹೋಯ್ತು ಸಾರ್’ ಅನ್ನುವುದು ಒಂದು. ‘ಟೈಮೇ ಸಿಗಲಿಲ್ಲ’ ಅನ್ನುವುದು ಇನ್ನೊಂದು. ಇವೆರಡನ್ನೂ ನಾನು ನಂಬುತ್ತೇನೆ. ಆದರೆ ಆ ಪುಟಗಳನ್ನು ಓದುವಾಗ ನನಗೆ ಮೂರನೇ ಕಾರಣವೂ ಕಾಣುತ್ತದೆ. ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದಿರುವುದು ಅದನ್ನೇ. ಅದಕ್ಕೂ ಮೊದಲು ಸ್ಫೂರ್ತಿಯ ವಿಷಯ ನೋಡೋಣ. ಎಲ್ಲರೂ ಮೊದಲು ಕೇಳುವುದು ಅದನ್ನೇ ಅಲ್ವಾ?

ನಮ್ಮ ಭಾಷೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಅದು ಮಲೆನಾಡಿನ ಅಗ್ರಹಾರದ ಕಥೆ. ಆದರೆ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಪಿಎಚ್‌.ಡಿ. ಮಾಡಲು ಅಲ್ಲಿಗೆ ಹೋಗಿದ್ದರು. ಒಂದು ದಿನ ತಮ್ಮ ಗುರುಗಳೂ ಕಾದಂಬರಿಕಾರರೂ ಆಗಿದ್ದ ಮಾಲ್ಕಮ್ ಬ್ರಾಡ್‌ಬರಿ ಅವರ ಜೊತೆ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಸ್ವೀಡಿಷ್ ಸಿನಿಮಾ. ಸಬ್‌ಟೈಟಲ್ ಇರಲಿಲ್ಲ. ಮಾತು ಅರ್ಥವಾಗದೆ ಬರೀ ಚಿತ್ರಗಳನ್ನು ನೋಡಿದರು ಅನ್ನಿ. ಅದರಲ್ಲಿ ಪ್ಲೇಗ್ ಬಡಿದ ಮಧ್ಯಯುಗದ ಯುರೋಪ್ ಇದೆ. ಸಾವು ಇದೆ, ದೇವರ ಬಗ್ಗೆ ಸಂಶಯ ಇದೆ. ಯುರೋಪಿನವರಿಗೆ ಆ ಕಾಲ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ತೀರ್ಥಹಳ್ಳಿ ಕಡೆಯ ಅಗ್ರಹಾರದಲ್ಲಿ ಬೆಳೆದವರಿಗೆ ಅದು ಇನ್ನೂ ಬದುಕಿರುವ ನೆನಪು. ಪ್ಲೇಗಿನ ನೆನಪೂ ಬಾಲ್ಯದಿಂದ ಇತ್ತು. ಸಿನಿಮಾ ಮುಗಿದ ಮೇಲೆ ಇದನ್ನೇ ಬ್ರಾಡ್‌ಬರಿಯವರ ಹತ್ತಿರ ಹೇಳಿದರು. ಹಾಗಾದರೆ ಅದನ್ನೇ ಬರೆಯಿರಿ ಅಂತ ಅವರು ಒತ್ತಾಯ ಮಾಡಿದರು. 1965ರಲ್ಲಿ ಕಾದಂಬರಿ ಬಂತು.

ಈ ಸಂಗತಿಯಿಂದ ನಾನು ಕಲಿತದ್ದು ಹೇಳುತ್ತೇನೆ. ಅದೇ ಸಿನಿಮಾವನ್ನು ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಜನ ನೋಡಿದ್ದಾರೆ. ಪ್ಲೇಗ್ ಕಂಡ ಮಲೆನಾಡಿನ ಹುಡುಗರೂ ಎಷ್ಟೋ ಜನ ಇದ್ದರು. ಎರಡೂ ಒಬ್ಬರಲ್ಲೇ ಬಂದು ಸೇರಿದಾಗ ಕಾದಂಬರಿ ಹುಟ್ಟಿತು. ಸ್ಫೂರ್ತಿ ಅನ್ನುವುದಕ್ಕೆ ಹಳೆಯದೊಂದು ಬೇಕು, ಹೊಸದೊಂದು ಬೇಕು. ಹಳೆಯದು ನಿಮ್ಮೊಳಗೆ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಹೊಸದು ಎಲ್ಲಿಂದಲೋ ಬಂದು ಅದನ್ನು ಅಲುಗಾಡಿಸುತ್ತದೆ. ನಾವು ಸ್ಫೂರ್ತಿ ಹುಡುಕಿಕೊಂಡು ಹೊರಟಾಗ ಯಾವಾಗಲೂ ಹೊಸದನ್ನೇ ಹುಡುಕುತ್ತೇವೆ. ಹೊಸ ಊರು, ಹೊಸ ಸಿನಿಮಾ, ಹೊಸ ವಿಷಯ. ಹಳೆಯದನ್ನು ತೆಗೆದು ನೋಡುವುದೇ ಇಲ್ಲ.

ಅದಕ್ಕೇ ಒಂದು ನೋಟ್‌ಬುಕ್ ಇಡಿ ಅಂತ ಹೇಳುತ್ತೇನೆ. ‘ಐಡಿಯಾ’ ಬರೆಯುವ ನೋಟ್‌ಬುಕ್ ಎಲ್ಲರ ಹತ್ತಿರ ಇರುತ್ತದೆ. ಇದು ಬೇರೆ. ಕಾರಣ ಗೊತ್ತಿಲ್ಲದೆ ಮತ್ತೆ ಮತ್ತೆ ನೆನಪಾಗುವ ಸಂಗತಿಗಳನ್ನು ಮಾತ್ರ ಇದರಲ್ಲಿ ಬರೆಯಬೇಕು. ಚಿಕ್ಕಂದಿನಲ್ಲಿ ಪಕ್ಕದ ಮನೆಯವರು ರಾತ್ರೋರಾತ್ರಿ ಮನೆ ಖಾಲಿ ಮಾಡಿ ಹೋದದ್ದು. ಮದುವೆ ಮನೆಯಲ್ಲಿ ಒಬ್ಬರನ್ನು ಪಂಕ್ತಿಯಿಂದ ಎಬ್ಬಿಸಿದ್ದು. ಅರ್ಥ ಬರೆಯಲು ಹೋಗಬೇಡಿ. ಯಾರು ಇದ್ದರು, ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು, ಅಷ್ಟು ಸಾಕು.

ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಅವರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವರು ನ್ಯೂಯಾರ್ಕಿನಲ್ಲಿ ರ‍್ಯಾಂಡಮ್ ಹೌಸ್ ಪ್ರಕಾಶನದಲ್ಲಿ ಸಂಪಾದಕಿಯಾಗಿದ್ದರು. 1974ರಲ್ಲಿ ಬಂದ, ಕಪ್ಪು ಜನರ ಚರಿತ್ರೆಯ ಒಂದು ದೊಡ್ಡ ಸಂಕಲನದ ಕೆಲಸ ಮಾಡುವಾಗ 1856ರ ಒಂದು ಪತ್ರಿಕಾ ವರದಿ ಕೈಗೆ ಸಿಕ್ಕಿತು. ಮಾರ್ಗರೆಟ್ ಗಾರ್ನರ್ ಅನ್ನುವ ಗುಲಾಮ ಹೆಂಗಸು ತಪ್ಪಿಸಿಕೊಂಡು ಓಡಿ ಬಂದಿದ್ದಳು. ಹಿಡಿಯಲು ಬಂದವರ ಕೈಗೆ ಮಗು ಸಿಗಬಾರದು ಅಂತ ತಾನೇ ಅದನ್ನು ಕೊಂದಳು. ಆ ವರದಿಯಿಂದ ಹುಟ್ಟಿದ ‘ಬಿಲವ್ಡ್’ ಕಾದಂಬರಿ ಪ್ರಕಟವಾದದ್ದು 1987ರಲ್ಲಿ. ನಡುವೆ 13 ವರ್ಷ. ಸಿಕ್ಕ ತಕ್ಷಣ ಬರೆಯದಿದ್ದರೆ ಆರಿಹೋಗುತ್ತದೆ ಅಂತ ಹೆದರುವವರು ಈ ಲೆಕ್ಕ ನೆನಪಿಡಿ. ಇನ್ನೊಂದು ವಿಷಯ. ಗಾರ್ನರ್ ಬದುಕಿನ ಬಗ್ಗೆ ಜಾಸ್ತಿ ಹುಡುಕಲು ಮಾರಿಸನ್ ಹೋಗಲಿಲ್ಲ. ಬೇಕೆಂದೇ ಹೋಗಲಿಲ್ಲ. ಕಲ್ಪನೆಗೆ ಜಾಗ ಬೇಕಿತ್ತು.

ಹಾಗಾದರೆ ಸಂಶೋಧನೆ ಮಾಡಬಾರದಾ? ಭೈರಪ್ಪನವರು ‘ಪರ್ವ’ಕ್ಕಾಗಿ ಮಹಾಭಾರತದ ಜಾಗಗಳನ್ನೆಲ್ಲ ಸುತ್ತಿ ಬಂದರು. ಹಿಮಾಲಯದ ತಪ್ಪಲಿಗೂ ಹೋದರು. ಆ ಕಾದಂಬರಿಗೆ ಅದು ಬೇಕಿತ್ತು. ಪುರಾಣದ ಪಾತ್ರಗಳನ್ನು ಚಳಿ, ಹಸಿವು, ದೂರ ಇರುವ ನಿಜವಾದ ನೆಲದ ಮೇಲೆ ನಿಲ್ಲಿಸಬೇಕಿತ್ತು. ಯಾವ ಕಾದಂಬರಿಗೆ ಎಷ್ಟು ಬೇಕು ಅನ್ನುವುದನ್ನು ಬರೆಯುವವರೇ ತೀರ್ಮಾನಿಸಬೇಕು. ನಾನು ನೋಡಿದ ಮಟ್ಟಿಗೆ ಹೊಸಬರು ಸಂಶೋಧನೆ ಕಡಿಮೆಯಾಗಿ ನಿಂತದ್ದಕ್ಕಿಂತ ಜಾಸ್ತಿಯಾಗಿ ನಿಂತದ್ದೇ ಹೆಚ್ಚು. ಓದುವುದು ಸುಲಭ. ಓದುತ್ತಾ ಇದ್ದರೆ ಕೆಲಸ ಮಾಡುತ್ತಿದ್ದೇವೆ ಅನ್ನುವ ಸಮಾಧಾನ ಇರುತ್ತದೆ. ಹೀಗೆ ಮಾಡಿ. ಮೊದಲು ಬರೆಯಿರಿ. ಗೊತ್ತಿಲ್ಲದ ಕಡೆ ‘ಇಲ್ಲಿ ರೈಲಿನ ಹೆಸರು ನೋಡಬೇಕು’ ಅಂತ ಗೀಟು ಹಾಕಿ ಮುಂದೆ ಹೋಗಿ. ಕರಡು ಮುಗಿದ ಮೇಲೆ ಯಾವುದನ್ನು ಹುಡುಕಬೇಕು ಅನ್ನುವುದು ಸರಿಯಾಗಿ ಗೊತ್ತಿರುತ್ತದೆ.

ಈಗ ಆ ಮೂರನೇ ಕಾರಣಕ್ಕೆ ಬರುತ್ತೇನೆ. ಅದಕ್ಕೂ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳೋಣ. ಈ ಸಲ ಅದು ಹೇಗೆ ಹುಟ್ಟಿತು ಅನ್ನುವುದನ್ನು ಬಿಟ್ಟು, ಹೇಗೆ ಓಡುತ್ತದೆ ಅನ್ನುವುದನ್ನು ನೋಡಿ.

ಮೊದಲ ಪುಟಗಳಲ್ಲೇ ನಾರಣಪ್ಪ ಸತ್ತಿದ್ದಾನೆ. ಅವನ ಜೊತೆ ಬಾಳುತ್ತಿದ್ದ ಚಂದ್ರಿ ಬಂದು ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರ ಮನೆಯಲ್ಲಿ ಸುದ್ದಿ ಹೇಳುತ್ತಾಳೆ. ಅವನು ಬ್ರಾಹ್ಮಣ್ಯ ಬಿಟ್ಟವನು, ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾಗಿ ಅವನ ಸಂಸ್ಕಾರವನ್ನು ಯಾರು ಮಾಡಬೇಕು ಅನ್ನುವುದು ಪ್ರಶ್ನೆ. ಇದು ಬರೀ ಧರ್ಮಸೂಕ್ಷ್ಮದ ಪ್ರಶ್ನೆಯಾಗಿದ್ದರೆ ಹತ್ತು ಪುಟದಲ್ಲಿ ಒಣಗಿಹೋಗುತ್ತಿತ್ತು. ಅಲ್ಲಿ ಒಂದು ನಿಯಮ ಇದೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಮಕ್ಕಳು ಹಸಿದಿವೆ. ದೊಡ್ಡವರೂ ಹಸಿದಿದ್ದಾರೆ. ಹೆಣ ಕೊಳೆಯುತ್ತಿದೆ. ಇಲಿ ಸತ್ತು ಬೀಳುತ್ತಿವೆ, ಹದ್ದು ಬಂದು ಕೂರುತ್ತಿವೆ. ಆಚಾರ್ಯರು ತಾಳೆಗರಿಯ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ. ಹೊತ್ತು ಹೋಗುತ್ತಿದೆ.

ಗಮನಿಸಿ. ಆ ಪ್ರಶ್ನೆಗೆ ನಾಳೆ ಉತ್ತರ ಹುಡುಕಿದರಾಯಿತು ಅನ್ನುವ ಹಾಗಿಲ್ಲ. ಪ್ರತಿ ಗಂಟೆಗೂ ಅದರ ಬೆಲೆ ಏರುತ್ತದೆ. ಓದುವವರು ಪುಟ ತಿರುಗಿಸುವುದು ಅದಕ್ಕೇ. ಬರೆಯುವವರಿಗೂ ಅದೇ ಬಲ. ಇವತ್ತು ಬರೆದು ನಿಲ್ಲಿಸಿದರೆ ನಾಳೆ ಎಲ್ಲಿಂದ ಹೊರಡಬೇಕು ಅಂತ ಯೋಚಿಸಬೇಕಾಗಿಲ್ಲ. ಹೆಣ ಇನ್ನೂ ಅಲ್ಲೇ ಇದೆ.

ಕಾರಂತರ ‘ಚೋಮನ ದುಡಿ’ (1933) ನೋಡಿ. ಚೋಮನ ಹತ್ತಿರ ಎತ್ತುಗಳಿವೆ. ಉಳಲು ನೆಲ ಇಲ್ಲ. ಅವನ ಜಾತಿಗೆ ಆ ಹಕ್ಕೇ ಇಲ್ಲ. ಮೇಲೆ ಸಾಲ ಬೇರೆ. ಎತ್ತು ಕೊಟ್ಟಿಗೆಯಲ್ಲಿ ನಿಂತಿರುವಷ್ಟು ದಿನವೂ ಆ ಆಸೆ ಕಣ್ಣೆದುರೇ ಇರುತ್ತದೆ.

ಅರ್ಧಕ್ಕೆ ನಿಂತ ಹಸ್ತಪ್ರತಿಗಳಲ್ಲಿ ನನಗೆ ಕಾಣದೇ ಇರುವುದು ಇದೇ. ತೀರ್ಮಾನವಾಗದ ಪ್ರಶ್ನೆ, ಕಾಯಲಾಗದ ಪ್ರಶ್ನೆ. ಅದಿಲ್ಲದೆ ಬರೆಯುವವರು ಪ್ರತಿದಿನ ತಮ್ಮ ಸ್ವಂತ ಉತ್ಸಾಹದಿಂದಲೇ ಕಾದಂಬರಿಯನ್ನು ತಳ್ಳಬೇಕಾಗುತ್ತದೆ. ಯಾರಿಂದಲೂ ಅರವತ್ತು ಪುಟಕ್ಕಿಂತ ಜಾಸ್ತಿ ತಳ್ಳಲು ಆಗುವುದಿಲ್ಲ.

ಒಂದು ಕಾದಂಬರಿಯನ್ನು ಇಲ್ಲೇ ಕಟ್ಟಿ ನೋಡೋಣ. ಸಾಗರದ ಹತ್ತಿರ ಒಂದು ಹಳೇ ಮನೆ. ಅಣ್ಣ ಊರಲ್ಲೇ ಉಳಿದು ತೋಟ ನೋಡಿಕೊಂಡಿದ್ದಾನೆ. ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಮನೆ ಮಾರುವ ಮಾತು ಬಂದಿದೆ. ಅರವತ್ತು ಪುಟ ಏನು ಬರೆಯುತ್ತೇವೆ? ಅಟ್ಟ, ಬಾವಿಕಟ್ಟೆ, ಹಿತ್ತಲಿನ ಹಲಸಿನ ಮರ, ಅಜ್ಜಿಯ ಅಪ್ಪೆಮಿಡಿ ಉಪ್ಪಿನಕಾಯಿ. ಎಲ್ಲ ಚೆಂದವೇ. ಆದರೆ ಮನೆ ಈ ವರ್ಷವೂ ಮಾರಬಹುದು, ಮುಂದಿನ ವರ್ಷವೂ ಮಾರಬಹುದು. ಯಾರಿಗೂ ಅವಸರ ಇಲ್ಲ. ಬರೆಯುವವರಿಗೂ ಇಲ್ಲ. ನಿಂತಿತು.

ಈಗ ಒಂದೇ ಒಂದು ಸಂಗತಿ ಸೇರಿಸಿ. ಅಣ್ಣ ಯಾರಿಗೂ ಹೇಳದೆ ಮುಂಗಡ ತೆಗೆದುಕೊಂಡಿದ್ದಾನೆ. ಆ ದುಡ್ಡು ಖರ್ಚೂ ಆಗಿದೆ. ಕರಾರು ಪತ್ರದಲ್ಲಿ ಮೂರು ತಿಂಗಳ ಗಡುವು. ಇವರಿಗೊಬ್ಬಳು ಅಕ್ಕ ಇದ್ದಾಳೆ. ಮದುವೆಯಾಗಿ ಹೋದಮೇಲೆ ತವರಿನ ಮೆಟ್ಟಿಲು ಹತ್ತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅವಳ ಸಹಿ ಇಲ್ಲದೆ ನೋಂದಣಿ ಮಾಡಲು ಕೊಳ್ಳುವವನು ಒಪ್ಪುವುದಿಲ್ಲ. ಅವಳ ಹತ್ತಿರ ಹೋಗಿ ಕೇಳುವವರು ಯಾರು? ಯಾವ ಮುಖ ಇಟ್ಟುಕೊಂಡು?

ಇಷ್ಟು ಸೇರಿಸಿದ ಮೇಲೆ ಮೊದಲು ಬರೆದ ಅಟ್ಟ, ಬಾವಿ, ಹಲಸಿನ ಮರ ಯಾವುದೂ ವ್ಯರ್ಥವಾಗುವುದಿಲ್ಲ. ಅಟ್ಟದ ಮೇಲೆ ಅಕ್ಕನ ಶಾಲೆಯ ಪೆಟ್ಟಿಗೆ ಇರಬಹುದು. ಅದನ್ನು ಯಾರು ಎತ್ತಿಟ್ಟರು ಅನ್ನುವುದಕ್ಕೆ ಈಗ ಅರ್ಥ ಬರುತ್ತದೆ. ಕೊನೆಗೆ ಒಂದು ದಿನ ಎಲ್ಲರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೇರಲೇಬೇಕು. ಹೊರಗೆ ಪತ್ರ ಬರಹಗಾರನ ಟೇಬಲ್ಲು, ಝೆರಾಕ್ಸ್ ಅಂಗಡಿ, ಟೋಕನ್ ಕೂಗುವ ಸದ್ದು. ತಮ್ಮ ಪತ್ರ ಓದದೆ ಸಹಿ ಹಾಕುತ್ತಾನೆ. ಅಣ್ಣ ಬೆವರು ಒರೆಸಿಕೊಂಡು ಹಾಕುತ್ತಾನೆ. ಅಕ್ಕ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಮೊದಲ ಪುಟದಿಂದ ಓದಲು ಶುರು ಮಾಡುತ್ತಾಳೆ. ಚಕ್ಕುಬಂದಿ ಓದುತ್ತಾಳೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ. ಓದುತ್ತಾ ಓದುತ್ತಾ ‘ಇಲ್ಲಿ ಬಾವಿ ಬರೆದಿಲ್ವಲ್ಲ’ ಅನ್ನುತ್ತಾಳೆ. ನೋಡಿ, ನಿಮಗೂ ಈಗ ಮುಂದೆ ಏನಾಯಿತು ಅಂತ ಕೇಳಬೇಕು ಅನ್ನಿಸುತ್ತಿದೆ ಅಲ್ವಾ? ಈ ದೃಶ್ಯ ಮೊದಲೇ ಗೊತ್ತಿದ್ದರೆ ಅದನ್ನು ತಲುಪಲು ನೂರೈವತ್ತು ಪುಟ ನಡೆಯುವ ಶಕ್ತಿ ತಾನಾಗಿ ಬರುತ್ತದೆ.

ನಿಮ್ಮ ಬರಹ ನಿಂತಿದ್ದರೆ ಈ ಪ್ರಶ್ನೆ ಕೇಳಿಕೊಳ್ಳಿ. ನನ್ನ ಕಾದಂಬರಿಯಲ್ಲಿ ಯಾರಿಗೆ, ಯಾವ ದಿನದೊಳಗೆ, ಏನು ಆಗಲೇಬೇಕು? ಉತ್ತರ ಸಿಗದಿದ್ದರೆ ಶಿಸ್ತು, ಟೈಮ್‌ಟೇಬಲ್ಲು ಯಾವುದೂ ಸಹಾಯಕ್ಕೆ ಬರುವುದಿಲ್ಲ. ಮೊದಲು ಅದನ್ನು ಹುಡುಕಬೇಕು. ಗಡುವು ಅಂದರೆ ಕೋರ್ಟು, ಕರಾರು ಅಂತಲೇ ಅಲ್ಲ. ಬಸುರಿಗೆ ದಿನ ತುಂಬುವುದೂ ಗಡುವೇ. ಊರಿಗೆ ಅಣೆಕಟ್ಟೆಯ ನೀರು ಬರುವುದೂ ಗಡುವೇ. ಮರೆವು ಜಾಸ್ತಿಯಾಗುತ್ತಿರುವ ಅಪ್ಪನ ಹತ್ತಿರ ಒಂದು ಮಾತು ಕೇಳಬೇಕು ಅನ್ನುವುದಕ್ಕಿಂತ ದೊಡ್ಡ ಗಡುವು ಇನ್ನೊಂದಿಲ್ಲ.

ಪ್ರಶ್ನೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ ದಿನದ ಅಭ್ಯಾಸದ ಮಾತು. ಇದರಲ್ಲಿ ನನಗೆ ತುಂಬಾ ಇಷ್ಟವಾದವರು ಆಂಥನಿ ಟ್ರೊಲಪ್. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ. ಅಂಚೆ ಇಲಾಖೆಯಲ್ಲಿ ನೌಕರಿ. ಕಾದಂಬರಿಗಳು 47. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಇರುತ್ತಿದ್ದರು. ಎಬ್ಬಿಸಿ ಕಾಫಿ ತಂದುಕೊಡಲು ಮನೆಯ ಒಬ್ಬ ಮುದುಕ ಆಳಿಗೆ ವರ್ಷಕ್ಕೆ ಐದು ಪೌಂಡ್ ಜಾಸ್ತಿ ಕೊಡುತ್ತಿದ್ದರು. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅವರ ಆತ್ಮಕಥೆಯಲ್ಲಿ ಇನ್ನೊಂದು ಮಾತಿದೆ. ಕೂತ ತಕ್ಷಣ ಬರೆಯುತ್ತಿರಲಿಲ್ಲ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದರು. ವಾಕ್ಯಗಳ ಸದ್ದು ಕಿವಿಗೆ ಬೀಳುವ ಹಾಗೆ ಓದುತ್ತಿದ್ದರು. ನನ್ನ ಪ್ರಕಾರ ಅವರ ವೇಗದ ಗುಟ್ಟು ಇದೇ, ಗಡಿಯಾರ ಆಮೇಲಿನದು. ನಿನ್ನೆಯ ಪುಟವನ್ನು ಜೋರಾಗಿ ಓದಿದರೆ ಪಾತ್ರಗಳ ದನಿ ಮತ್ತೆ ಕಿವಿಗೆ ಬರುತ್ತದೆ. ಕನ್ನಡದಲ್ಲಂತೂ ಇದು ತುಂಬಾ ಮುಖ್ಯ. ಉತ್ತರ ಕರ್ನಾಟಕದ ಮಾತು ಬೇರೆ, ಕುಂದಾಪುರದ ಮಾತು ಬೇರೆ. ಒಂದು ದಿನ ಬಿಟ್ಟರೂ ಪಾತ್ರ ಪಠ್ಯಪುಸ್ತಕದ ಕನ್ನಡ ಮಾತಾಡಲು ಶುರು ಮಾಡುತ್ತದೆ.

ದಿನದ ಬರಹ ನಿಲ್ಲಿಸುವ ಬಗೆಯ ಬಗ್ಗೆ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳಿದ್ದು ನಿಮಗೆ ಗೊತ್ತಿರಬಹುದು. ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಅಂದಿನ ಬರಹ ನಿಲ್ಲಿಸಬೇಕು. ನಾವು ತಿರುಗುಮುರುಗು ಮಾಡುತ್ತೇವೆ. ಅಧ್ಯಾಯ ಮುಗಿಸಿಯೇ ಏಳುತ್ತೇವೆ. ಮರುದಿನ ಖಾಲಿ ಹಾಳೆ ಎದುರಿಗೆ ಬರುತ್ತದೆ. ಅಕ್ಕ ‘ಇಲ್ಲಿ ಬಾವಿ ಬರೆದಿಲ್ವಲ್ಲ’ ಅಂದಳು. ಅಲ್ಲೇ ಪೆನ್ನು ಮುಚ್ಚಿ. ಅಣ್ಣ ಏನು ಹೇಳುತ್ತಾನೆ ಅನ್ನುವುದು ರಾತ್ರಿಯಿಡೀ ತಲೆಯಲ್ಲಿ ಓಡಾಡಲಿ.

ಜಾನ್ ಸ್ಟೈನ್‌ಬೆಕ್ 1951ರಲ್ಲಿ ‘ಈಸ್ಟ್ ಆಫ್ ಈಡನ್’ ಬರೆಯುವಾಗ ಇನ್ನೊಂದು ದಾರಿ ಮಾಡಿಕೊಂಡಿದ್ದರು. ದೊಡ್ಡ ನೋಟ್‌ಬುಕ್ಕಿನ ಬಲಪುಟದಲ್ಲಿ ಕಾದಂಬರಿ. ಎಡಪುಟದಲ್ಲಿ ತಮ್ಮ ಸಂಪಾದಕ ಪ್ಯಾಸ್ಕಲ್ ಕೊವಿಚಿಗೆ ಒಂದು ಪತ್ರ. ಕೆಲಸದ ದಿನಗಳಲ್ಲಿ ಮೊದಲು ಆ ಪತ್ರ. ಇವತ್ತು ಮನಸ್ಸು ಹೇಗಿದೆ, ಪೆನ್ಸಿಲ್ ಹೇಗಿದೆ, ಮುಂದಿನ ದೃಶ್ಯದಲ್ಲಿ ಏನು ಕಷ್ಟ, ಎಲ್ಲ ಅದರಲ್ಲಿ. ಜನವರಿಯಲ್ಲಿ ಶುರುವಾದದ್ದು ನವೆಂಬರ್ ಮೊದಲ ದಿನದವರೆಗೆ ನಡೆಯಿತು. ಇದನ್ನು ಪ್ರಯತ್ನಿಸಿ ಅಂತ ನಾನು ತುಂಬಾ ಜನರಿಗೆ ಹೇಳುತ್ತೇನೆ. ಪತ್ರ ಬರೆಯಲು ಯಾರಿಗೂ ಭಯ ಇರುವುದಿಲ್ಲ. ‘ಈ ದೃಶ್ಯ ಬರೆಯಲು ಆಗುತ್ತಿಲ್ಲ, ಯಾಕೆಂದರೆ...’ ಅಂತ ಗೆಳತಿಗೋ ಅಣ್ಣನಿಗೋ ಬರೆಯಲು ಶುರು ಮಾಡಿ. ನಾಲ್ಕನೇ ಸಾಲಿಗೆ ಕಾರಣ ನಿಮಗೇ ಗೊತ್ತಾಗುತ್ತದೆ.

ಟೈಮ್ ಇಲ್ಲ ಅನ್ನುವ ಮಾತಿಗೆ ಬರೋಣ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯಶವಂತ ಚಿತ್ತಾಲರು ಮುಂಬೈಯ ಕಂಪನಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದವರು. ಆ ಕಾರ್ಪೊರೇಟ್ ಲೋಕದ ಒಳಗಿನಿಂದಲೇ ‘ಶಿಕಾರಿ’ (1979) ಬಂತು. ಕೆಲಸ ಅವರ ಬರಹಕ್ಕೆ ಅಡ್ಡಿಯೂ ಆಗಿರಬೇಕು, ವಸ್ತುವೂ ಆಯಿತು. ಮಾರಿಸನ್ ನೌಕರಿ ಮಾಡಿಕೊಂಡು, ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕಿಕೊಂಡು, ಬೆಳಕು ಹರಿಯುವ ಮುಂಚೆ ಎದ್ದು ಬರೆದರು. ನಮ್ಮಲ್ಲಿ ಎಷ್ಟೋ ಹೆಂಗಸರು ಅಡುಗೆಮನೆ, ಮಕ್ಕಳ ಟಿಫಿನ್ ಬಾಕ್ಸ್, ಅತ್ತೆಯ ಮಾತ್ರೆ ಇವುಗಳ ನಡುವೆಯೇ ಬರೆದವರು, ಈಗಲೂ ಬರೆಯುತ್ತಿರುವವರು. ಅವರಿಗೆ ದಿನಾ ಎರಡು ಗಂಟೆ ಕೂತುಕೊಳ್ಳಿ ಅಂತ ಹೇಳುವ ಧೈರ್ಯ ನನಗಿಲ್ಲ. ನಾನು ಹೇಳುವುದು ಇಷ್ಟೇ: ಕಾದಂಬರಿಯನ್ನು ದಿನಕ್ಕೊಮ್ಮೆ ಮುಟ್ಟಿ. ಹತ್ತು ನಿಮಿಷ ಆದರೂ ಸರಿ. ಒಂದು ಸಾಲು ಬರೆದರೂ ಸರಿ. ಬಸ್ಸಿನಲ್ಲಿ ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸಿದರೂ ಸರಿ. ವಾರಕ್ಕೊಮ್ಮೆ ಭಾನುವಾರ ಆರು ಗಂಟೆ ಕೂರುತ್ತೇನೆ ಅನ್ನುವವರು ಮೊದಲ ಮೂರು ಗಂಟೆ ಕಾದಂಬರಿಯ ಒಳಗೆ ಹೋಗುವುದರಲ್ಲೇ ಕಳೆಯುತ್ತಾರೆ. ಅಷ್ಟರಲ್ಲಿ ನೆಂಟರು ಬರುತ್ತಾರೆ.

ದಿನಕ್ಕೆ ಎಷ್ಟು ಪದ ಬರೆಯಬೇಕು ಅಂತ ಯಾರೋ ಆಗಲೇ ಕೇಳಿದಿರಿ. ಅಮೆರಿಕದಲ್ಲಿ 1999ರಲ್ಲಿ 21 ಜನ ಸೇರಿ ಒಂದು ಅಭ್ಯಾಸ ಶುರು ಮಾಡಿದರು. ಒಂದು ತಿಂಗಳಲ್ಲಿ 50,000 ಪದ, ಅಂದರೆ ದಿನಕ್ಕೆ 1,667. ಆಮೇಲೆ ಅದು ಜಗತ್ತೆಲ್ಲ ಹಬ್ಬಿತು. ಎಷ್ಟೋ ಜನರಿಗೆ ಮೊದಲ ಕರಡು ಮುಗಿಸುವ ಧೈರ್ಯ ಕೊಟ್ಟಿತು. ಆದರೆ ಆ ಸಂಖ್ಯೆಯನ್ನು ಹಾಗೇ ಕನ್ನಡಕ್ಕೆ ತರಬೇಡಿ. ನಮ್ಮ ಒಂದು ಪದದಲ್ಲಿ ಅವರ ಎರಡು ಮೂರು ಪದ ಸೇರಿಕೊಂಡಿರುತ್ತವೆ. 1,667 ಕನ್ನಡ ಪದ ಅಂದರೆ ತುಂಬಾ ಜಾಸ್ತಿ ಆಯಿತು. ಪುಟದ ಲೆಕ್ಕ ಇಟ್ಟುಕೊಳ್ಳಿ. ಕೆಲಸಕ್ಕೆ ಹೋಗುವವರಿಗೆ ದಿನಕ್ಕೆ ಒಂದು ಪುಟ ಸಾಕು. ವರ್ಷಕ್ಕೆ ಎಷ್ಟಾಯಿತು ನೀವೇ ನೋಡಿ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ವಾರಪತ್ರಿಕೆಗಳ ಧಾರಾವಾಹಿ ಕಾಲ ನೆನಪಿದೆಯಾ? ಪ್ರಜಾಮತ, ಸುಧಾ, ಕರ್ಮವೀರ. ಮನೆಗೆ ಪತ್ರಿಕೆ ಬಂದರೆ ಯಾರು ಮೊದಲು ಓದಬೇಕು ಅಂತ ಜಗಳ. ಆ ಕಾದಂಬರಿಗಳನ್ನು ‘ಜನಪ್ರಿಯ’ ಅಂತ ಪಕ್ಕಕ್ಕಿಟ್ಟು ಮಾತಾಡುವುದು ನನಗೆ ಬೇಸರ ತರುತ್ತದೆ. ವಾರದ ಕಂತು ಬರೆಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಕಂತಿನ ಕೊನೆಯಲ್ಲಿ ಓದುಗರ ಕೈಯಲ್ಲಿ ಒಂದು ಪ್ರಶ್ನೆ ಬಿಟ್ಟು ಹೋಗಬೇಕು. ಅದೇ ಪ್ರಶ್ನೆ ಬರೆಯುವವರನ್ನೂ ಮುಂದಿನ ವಾರ ಮೇಜಿಗೆ ಎಳೆದು ತರುತ್ತಿತ್ತು. ಈಗ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಬರೆಯುವ ಹುಡುಗಿಯರು ಇದನ್ನು ಮತ್ತೆ ಕಲಿಯುತ್ತಿದ್ದಾರೆ. ಸಂತೋಷದ ವಿಷಯ.

ಮಧ್ಯದಲ್ಲಿ ಬರುವ ಎರಡು ಆಸೆಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಮೊದಲನೆಯದು ತಿದ್ದುವ ಆಸೆ. ಮೊದಲ ಅಧ್ಯಾಯವನ್ನು ಹತ್ತಾರು ಸಲ ತಿದ್ದಿ ಹೊಳಪು ಕೊಟ್ಟವರನ್ನು ನೋಡಿದ್ದೇನೆ. ಹತ್ತನೇ ಅಧ್ಯಾಯ ಇನ್ನೂ ಹುಟ್ಟಿಲ್ಲ. ಕೊನೆ ಗೊತ್ತಾಗುವವರೆಗೆ ಮೊದಲ ಅಧ್ಯಾಯ ಹೇಗಿರಬೇಕು ಅಂತ ತಿಳಿಯುವುದಿಲ್ಲ. ಎರಡನೆಯದು ಹೊಸ ಕಾದಂಬರಿಯ ಆಸೆ. ಇದು ಬರುವುದೇ ಅರವತ್ತನೇ ಪುಟದಲ್ಲಿ. ಕೈಯಲ್ಲಿರುವುದು ಕಷ್ಟ ಕೊಡುತ್ತಿರುತ್ತದೆ, ಬರೆಯದೇ ಇರುವುದು ಸುಂದರವಾಗಿ ಕಾಣುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದಿಟ್ಟು ವಾಪಸ್ ಬನ್ನಿ. ಎಲ್ಲವನ್ನೂ ಮೊದಲ ಕಾದಂಬರಿಯಲ್ಲೇ ಸುರಿದುಬಿಟ್ಟರೆ ಮುಂದೇನು ಅನ್ನುವ ಭಯವೂ ಬೇಡ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಅದೇ ಮಲೆನಾಡು, ಅದೇ ಕಾಡು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಲೋಕ.

ಇಷ್ಟೆಲ್ಲ ಮಾಡಿದರೂ ಬರಹ ತಪ್ಪಿಹೋಗುತ್ತದೆ. ಮನೆಯಲ್ಲಿ ಯಾರಿಗೋ ಆಸ್ಪತ್ರೆ, ವರ್ಗಾವಣೆ, ಮಕ್ಕಳ ಪರೀಕ್ಷೆ. ತಿಂಗಳುಗಟ್ಟಲೆ ಹಸ್ತಪ್ರತಿ ಮುಚ್ಚಿಯೇ ಇರುತ್ತದೆ. ಮತ್ತೆ ತೆರೆಯುವಾಗ ಕೊನೆಯ ಪುಟದಿಂದ ಬರೆಯಲು ಹೋಗಬೇಡಿ. ಮೊದಲಿಂದ ಓದಿ. ಆದಷ್ಟು ಒಂದೇ ಕೂತಿನಲ್ಲಿ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ, ಆದರೆ ವಾಕ್ಯ ತಿದ್ದಬೇಡಿ. ಯಾವ ಪುಟದಲ್ಲಿ ಒಂದು ಪ್ರಶ್ನೆ ಎದ್ದು ಉತ್ತರ ಸಿಗದೆ ಉಳಿದಿದೆಯೋ ಅಲ್ಲಿ ಪಕ್ಕದಲ್ಲಿ ಒಂದು ಗುರುತು ಹಾಕಿ. ಓದಿ ಮುಗಿಸಿದ ಮೇಲೆ ಆ ಗುರುತುಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿ. ಅದರಲ್ಲಿ ಯಾವುದು ತಕ್ಷಣ ಉತ್ತರ ಕೇಳುತ್ತಿದೆಯೋ ಆ ದೃಶ್ಯವನ್ನು ಮೊದಲು ಬರೆಯಿರಿ. ಅದು ಕಾದಂಬರಿಯ ಮಧ್ಯದ್ದೋ ಕೊನೆಯದ್ದೋ ಆಗಿದ್ದರೂ ಪರವಾಗಿಲ್ಲ. ನಡುವಿನ ಪುಟಗಳನ್ನು ಆಮೇಲೆ ಸೇರಿಸಿಕೊಂಡರಾಯಿತು.